ಓಡುವುದು ಒಂದು ಗಂಟೆ, ನಿಲ್ಲುವುದು ಇಪ್ಪತ್ಮೂರು: ಕಾರು, ಪಾರ್ಕಿಂಗ್ ಮತ್ತು ಬೆಂಗಳೂರಿನ ಲೆಕ್ಕ

2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಅವತ್ತೇ ನವರಾತ್ರಿ ಶುರು. ಆಯುಧಪೂಜೆಯ ಹೊತ್ತಿಗೆ ನಮ್ಮ ಬೀದಿಗೆ ಮೂರು ಹೊಸ ಕಾರು ಬಂದಿದ್ದವು. ಚಕ್ರದ ಕೆಳಗೆ ನಿಂಬೆಹಣ್ಣು, ಬಾನೆಟ್ ಮೇಲೆ ಸೇವಂತಿಗೆ ಹಾರ, ಬೀದಿ ತುಂಬಾ ಬೂದುಗುಂಬಳದ ಹೋಳು. ಪೂಜೆ ಮುಗಿದ ಮೇಲೆ ನಿಜವಾದ ಮಂಗಳಾರತಿ ಶುರುವಾಯಿತು. ಮೂರರಲ್ಲಿ ಎರಡು ಕಾರಿಗೆ ಮನೆಯೊಳಗೆ ಜಾಗವೇ ಇಲ್ಲ. ವಾರದೊಳಗೆ ಎದುರುಮನೆಯ ಗೇಟಿಗೆ ಹೊಸ ಬೋರ್ಡು ಬಿತ್ತು: 'ಗೇಟಿನ ಮುಂದೆ ಗಾಡಿ ನಿಲ್ಲಿಸಬೇಡಿ. ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು.'

ಬೆಂಗಳೂರಿನಲ್ಲಿ ಈ ಬೋರ್ಡು ಇಲ್ಲದ ಬೀದಿ ಹುಡುಕುವುದೇ ಕಷ್ಟ. ಅದೇ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳು ಬಂದವು. ರಸ್ತೆಬದಿ ಪಾರ್ಕಿಂಗಿಗೆ ದುಡ್ಡು ತೆಗೆದುಕೊಳ್ಳಬೇಕು ಎಂಬ ಹಳೆಯ ಮಾತು ಮತ್ತೆ ಎದ್ದಿದೆ. 'ರೋಡ್ ಟ್ಯಾಕ್ಸ್ ಕಟ್ಟಿದ್ದೀವಲ್ಲ, ಮತ್ತೆ ಇದೇನು?' ಎಂದು ಜನ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಉತ್ತರ ಬೇಕಾದರೆ ಕಾರು ಓಡುವ ಹೊತ್ತನ್ನು ಬಿಟ್ಟು, ನಿಲ್ಲುವ ಹೊತ್ತನ್ನು ನೋಡಬೇಕು.

ದಿನಕ್ಕೆ ಒಂದೂಕಾಲು ಗಂಟೆ ಕಾರು ಓಡಿಸುತ್ತೀರಿ ಎಂದುಕೊಳ್ಳಿ. ಉಳಿದ ಹೆಚ್ಚುಕಡಿಮೆ ಇಪ್ಪತ್ಮೂರು ಗಂಟೆ ಅದು ಎಲ್ಲೋ ಒಂದು ಕಡೆ ಸುಮ್ನೆ ನಿಂತಿರುತ್ತದೆ. ಅಂದರೆ ಶೇ 95ರಷ್ಟು ಹೊತ್ತು. ಓಡಾಟಕ್ಕೆ ಅಂತ ಕೊಂಡ ವಸ್ತು ತನ್ನ ಆಯಸ್ಸನ್ನೆಲ್ಲ ನಿಂತೇ ಕಳೆಯುತ್ತದೆ.

ಒಂದು ಕಾರಿಗೆ ಎಷ್ಟು ಜಾಗ ಬೇಕು?

ಪಾರ್ಕಿಂಗ್ ಜಾಗಕ್ಕೆ ಬಿಳಿ ಗೀಟು ಎಳೆಯುವಾಗ ಸಾಮಾನ್ಯವಾಗಿ 2.5 ಮೀಟರ್ ಅಗಲ, 5 ಮೀಟರ್ ಉದ್ದ ಹಿಡಿಯುತ್ತಾರೆ. ಅದು 12.5 ಚದರ ಮೀಟರ್, ಸುಮಾರು 135 ಚದರಡಿ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ 10×12ರ ರೂಮಿಗಿಂತ ಒಂದು ಚೂರು ದೊಡ್ಡದು. 30×40ರ ಸೈಟಿನ ಒಂಬತ್ತನೇ ಒಂದು ಭಾಗ.

ನಿಮ್ಮ ಏರಿಯಾದಲ್ಲಿ ಚದರಡಿಗೆ 10,000 ರೂಪಾಯಿ ರೇಟು ಇದೆ ಎಂದಿಟ್ಟುಕೊಳ್ಳಿ. ಕಾರು ನಿಲ್ಲುವ ಆ ತುಂಡು ನೆಲದ ಬೆಲೆ ಹದಿಮೂರೂವರೆ ಲಕ್ಷ. ಮೇಲೆ ನಿಂತಿರುವ ಕಾರು ಹತ್ತು ಲಕ್ಷದ್ದು. ಕಾರಿಗಿಂತ ಅದರ ನೆರಳು ದುಬಾರಿ!

ಒಂದು ಕಾರಿಗೆ ಒಂದೇ ಜಾಗ ಸಾಕಾಗುವುದೂ ಇಲ್ಲ. ರಾತ್ರಿ ಮನೆ ಹತ್ತಿರ ಬೇಕು, ಹಗಲು ಆಫೀಸಿನಲ್ಲಿ ಬೇಕು, ಶನಿವಾರ ಮಾಲಿನಲ್ಲಿ, ಭಾನುವಾರ ಮದುವೆ ಛತ್ರದಲ್ಲಿ. ಒಂದು ಕಡೆ ನಿಂತಾಗ ಇನ್ನೊಂದು ಕಡೆಯದು ಖಾಲಿ. ಆದರೂ ಎಲ್ಲ ಕಡೆಯೂ ಇರಲೇಬೇಕು.

ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು 1 ಕೋಟಿ ದಾಟಿ ಕೆಲವು ವರ್ಷಗಳೇ ಆದವು. ಅದರಲ್ಲಿ ಮೂರನೇ ಎರಡು ಭಾಗದಷ್ಟು ಸ್ಕೂಟರು, ಬೈಕು. ಕಾರುಗಳು 20 ಲಕ್ಷಕ್ಕೂ ಜಾಸ್ತಿ. 20 ಲಕ್ಷ ಎಂದೇ ಹಿಡಿದು, ಒಂದೊಂದಕ್ಕೆ ಒಂದೇ ಜಾಗ ಕೊಟ್ಟರೂ 25 ಚದರ ಕಿಲೋಮೀಟರ್ ಬೇಕು. ಲಾಲ್‌ಬಾಗ್ ಇರುವುದು 240 ಎಕರೆ. ಇಪ್ಪತ್ತೈದು ಲಾಲ್‌ಬಾಗ್‌ಗಳನ್ನು ಪಕ್ಕಪಕ್ಕ ಹಾಸಿ ಅದರ ಮೇಲೆ ಬರೀ ಕಾರು ನಿಲ್ಲಿಸಿದ ಹಾಗೆ.

ನಮ್ಮಲ್ಲಿ ಇಷ್ಟೊಂದು ಕಾರುಗಳು ಮೊಟಕಾಗಿ ಕಾಣುವುದಕ್ಕೂ ಒಂದು ಕಾರಣವಿದೆ. ತೆರಿಗೆಯ ಲೆಕ್ಕದಲ್ಲಿ 4 ಮೀಟರ್ ಒಳಗಿನ, ಸಣ್ಣ ಎಂಜಿನ್ನಿನ ಕಾರು ಮಾತ್ರ 'ಸಣ್ಣ ಕಾರು'. ಕಂಪನಿಗಳು ಅದಕ್ಕೇ ಡಿಕ್ಕಿ ಕತ್ತರಿಸಿ ಕೂರಿಸುತ್ತವೆ. ಆದರೆ ತೆರಿಗೆ ಇಲಾಖೆ ಅಳೆಯುವುದು ಕಾರಿನ ಉದ್ದವನ್ನು, ಅದು ಎಲ್ಲಿ ನಿಲ್ಲುತ್ತದೆ ಎಂದು ಯಾರೂ ಕೇಳುವುದಿಲ್ಲ.

ಮನೆ ಮುಂದಿನ ರಸ್ತೆ ಯಾರದ್ದು?

ನಿಮ್ಮದಲ್ಲ. ಕಾರು ತಂದು ನಿಲ್ಲಿಸಿದವರದ್ದೂ ಅಲ್ಲ. ಕಾಂಪೌಂಡಿನ ಆಚೆಗಿರುವುದು ಪಾಲಿಕೆಯ ರಸ್ತೆ. ಗೇಟಿಗೆ ಅಡ್ಡ ನಿಲ್ಲಿಸುವುದು ತಪ್ಪು, ಅದು ನಿಯಮದಲ್ಲೇ ಇದೆ. ಆದರೆ ಗೇಟು ಬಿಟ್ಟು ಕಾಂಪೌಂಡಿನ ಉದ್ದಕ್ಕೂ ಇರುವ ಜಾಗ ನಮ್ಮದು ಎಂದು ಹೂಕುಂಡ, ಕಲ್ಲು, ಹಳೆ ಟೈರು, ಸಿಮೆಂಟ್ ತುಂಬಿದ ಪೇಂಟ್ ಡಬ್ಬ ಇಟ್ಟು ಕಾಯುತ್ತೀವಲ್ಲ, ಅದಕ್ಕೆ ಯಾವ ಹಕ್ಕೂ ಇಲ್ಲ. ಇನ್ನೊಬ್ಬರ ಗಾಡಿಯ ಗಾಳಿ ತೆಗೆಯುವ ಅಧಿಕಾರವಂತೂ ಇಲ್ಲವೇ ಇಲ್ಲ. ಬೋರ್ಡು ಬರೆಸಿದ ಮಾತ್ರಕ್ಕೆ ಅದು ಕಾನೂನಾಗುವುದಿಲ್ಲ.

ಮನೆ ಕಟ್ಟುವಾಗ ಒಳಗೇ ಪಾರ್ಕಿಂಗ್ ಬಿಡಬೇಕು ಎಂದು ಕಟ್ಟಡ ನಿಯಮ ಹೇಳುತ್ತದೆ. ಪ್ಲಾನ್ ಸ್ಯಾಂಕ್ಷನ್ ಆಗುವಾಗ ನೆಲಮಹಡಿಯಲ್ಲಿ ಪಾರ್ಕಿಂಗ್ ಇರುತ್ತದೆ. ಗೃಹಪ್ರವೇಶದ ಹೊತ್ತಿಗೆ ಅದಕ್ಕೆ ಶಟರ್ ಬಂದಿರುತ್ತದೆ. ಆಮೇಲೆ ಅದು ಬೇಕರಿಯೋ, ಟೈಲರ್ ಅಂಗಡಿಯೋ, ಸಿಂಗಲ್ ಬೆಡ್‌ರೂಮ್ ಬಾಡಿಗೆ ಮನೆಯೋ ಆಗುತ್ತದೆ. ತಿಂಗಳಿಗೆ ಹದಿನೈದು ಸಾವಿರ ಬಾಡಿಗೆ ಬರುವ ಜಾಗದಲ್ಲಿ ಕಾರು ನಿಲ್ಲಿಸುವುದು ಯಾಕೆ, ಹೊರಗೆ ಪುಕ್ಕಟೆ ಜಾಗ ಇರುವಾಗ? ಮನೆ ಮಾಲೀಕರ ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಆ ಲೆಕ್ಕವನ್ನು ಬೀದಿಯ ಎಲ್ಲರೂ ಹಾಕಿದಾಗ ರಸ್ತೆ ಕಿರಿದಾಗುತ್ತದೆ.

ಎಷ್ಟು ಕಿರಿದು? ಬಡಾವಣೆಯ ಒಂದು 30 ಅಡಿ ರಸ್ತೆ ತೆಗೆದುಕೊಳ್ಳಿ. ಮನೆಯವರು ಹಾಕಿಸಿದ ಇಳಿಜಾರು ರ‍್ಯಾಂಪು ಎರಡೂ ಕಡೆ ಎರಡೆರಡು ಅಡಿ ಹೊರಗೆ ಬಂದಿದೆ. ಅದರಾಚೆ ಎರಡೂ ಕಡೆ ಆರು ಅಡಿ ಅಗಲದ ಕಾರು. ಉಳಿಯಿತು 14 ಅಡಿ. ಎರಡು ಕಾರು ಎದುರುಬದುರಾದರೆ ಕನ್ನಡಿ ಮಡಚಬೇಕು. ಯಾರೋ ಒಬ್ಬರು ಸ್ಕೂಟರನ್ನು ಅಡ್ಡಡ್ಡ ನಿಲ್ಲಿಸಿದ್ದರೆ ಒಂದೇ ಗಾಡಿಗೆ ದಾರಿ. ಸುಮಾರು ಎಂಟು ಅಡಿ ಅಗಲದ ಅಗ್ನಿಶಾಮಕ ವಾಹನ ನೇರವಾಗಿ ಬಂದೀತು, ತಿರುವಿನಲ್ಲಿ ಮಾತ್ರ ಸಿಕ್ಕಿಕೊಳ್ಳುತ್ತದೆ.

ಪುಕ್ಕಟೆ ಪಾರ್ಕಿಂಗಿನಲ್ಲಿ ಜಾಗ ಯಾಕೆ ಸಿಗುವುದಿಲ್ಲ?

ಮದುವೆ ಛತ್ರದ ಊಟದ ಹಾಲ್ ನೆನಪು ಮಾಡಿಕೊಳ್ಳಿ. ಮೊದಲ ಪಂಕ್ತಿ ತುಂಬಿದೆ. ಎರಡನೇ ಪಂಕ್ತಿಯವರು ಏನು ಮಾಡುತ್ತಾರೆ? ಹೊರಗೆ ಕಾಯುವುದಿಲ್ಲ. ಮಜ್ಜಿಗೆ ಅನ್ನಕ್ಕೆ ಬಂದವರು ಯಾರು ಎಂದು ಹುಡುಕಿ ಅವರ ಕುರ್ಚಿಯ ಹಿಂದೆ ಹೋಗಿ ನಿಲ್ಲುತ್ತಾರೆ. ಬಡಿಸುವವರಿಗೆ ಓಡಾಡಲು ದಾರಿಯಿಲ್ಲ, ಉಣ್ಣುವವರಿಗೆ ಸಮಾಧಾನವಿಲ್ಲ, ಕೈಯಲ್ಲಿ ಪಾಯಸದ ಬಕೆಟ್ ಹಿಡಿದವನು 'ಸ್ವಲ್ಪ ಜಾಗ ಬಿಡಿ ಸಾರ್' ಎನ್ನುತ್ತಲೇ ಇರುತ್ತಾನೆ.

ಸಂಜೆ ಆರಕ್ಕೆ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲೋ ಜಯನಗರ ನಾಲ್ಕನೇ ಬ್ಲಾಕಿನಲ್ಲೋ ನಡೆಯುವುದು ಇದೇ. ಯಾರಾದರೂ ತರಕಾರಿ ಚೀಲ ಹಿಡಿದು ಕಾರಿನ ಕಡೆ ಹೊರಟರೆ ಸಾಕು, ಹಿಂದೆ ಒಬ್ಬರು ಇಂಡಿಕೇಟರ್ ಹಾಕಿ ನಿಲ್ಲುತ್ತಾರೆ. ಅವರ ಹಿಂದೆ ಬಸ್ಸು, ಬಸ್ಸಿನ ಹಿಂದೆ ಹತ್ತು ಆಟೊ. ಜಾಗ ಸಿಗದವರು ಇನ್ನೊಂದು ಸುತ್ತು ಹಾಕಿ ಬರುತ್ತಾರೆ. ಎಲ್ಲಿಗೂ ಹೋಗದೆ ಸುಮ್ನೆ ಜಾಗ ಹುಡುಕುತ್ತಾ ಸುತ್ತುವ ಈ ಕಾರುಗಳೂ ಟ್ರಾಫಿಕ್ಕೇ.

ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ಡೊನಾಲ್ಡ್ ಶೂಪ್ ಎಂಬ ಪ್ರಾಧ್ಯಾಪಕರಿದ್ದರು. 2025ರಲ್ಲಿ ತೀರಿಕೊಂಡರು. ಪಾರ್ಕಿಂಗ್ ಎಂಬ ಒಂದೇ ವಿಷಯವನ್ನು ದಶಕಗಳ ಕಾಲ ಅಗೆದವರು. ಅವರ ಮುಖ್ಯ ಮಾತು ಇಷ್ಟು: ಶುಲ್ಕವನ್ನು ಎಷ್ಟಿಡಬೇಕೆಂದರೆ, ಯಾವ ಹೊತ್ತಿನಲ್ಲಿ ಹೋದರೂ ರಸ್ತೆಯಲ್ಲಿ ಒಂದೆರಡು ಜಾಗ ಖಾಲಿ ಇರಬೇಕು. ಹೆಚ್ಚುಕಡಿಮೆ ಶೇ 85 ತುಂಬಿರಬೇಕು, ಶೇ 15 ಖಾಲಿ. ತುಂಬಿ ತುಳುಕಿದರೆ ದರ ಏರಿಸಿ, ಬಣಗುಟ್ಟಿದರೆ ಇಳಿಸಿ. ಇಲ್ಲಿ ಶುಲ್ಕದ ಕೆಲಸ ಖಜಾನೆ ತುಂಬಿಸುವುದಕ್ಕಿಂತ ಕುರ್ಚಿ ಖಾಲಿ ಮಾಡಿಸುವುದು.

ನಮಗೆ ಇದು ಹೊಸದೇನಲ್ಲ. ದರ್ಶಿನಿಯಲ್ಲಿ ನಿಂತುಕೊಂಡೇ ತಿನ್ನುತ್ತೇವೆ. ಕುರ್ಚಿ ಇಲ್ಲದ್ದರಿಂದ ಇಡ್ಲಿ ಮುಗಿದ ಕೂಡಲೇ ಜಾಗ ಬಿಡುತ್ತೇವೆ. ಅದಕ್ಕೇ ಅಷ್ಟು ಚಿಕ್ಕ ಜಾಗದಲ್ಲಿ ಬೆಳಗ್ಗೆ ನೂರಾರು ಜನರಿಗೆ ತಿಂಡಿ ಆಗುತ್ತದೆ. ಬೆಳಗ್ಗೆ ಒಂಬತ್ತಕ್ಕೆ ಬಂದು ರಾತ್ರಿ ಒಂಬತ್ತರವರೆಗೆ ಒಂದೇ ಟೇಬಲ್ ಹಿಡಿದು ಕೂರುವವರಿದ್ದರೆ ಯಾವ ಹೋಟೆಲೂ ನಡೆಯಲಿಕ್ಕಿಲ್ಲ. ಪೇಟೆಬೀದಿಗಳಲ್ಲಿ ಹಾಗೆ ಇಡೀ ದಿನ ಜಾಗ ಹಿಡಿಯುವ ಕಾರುಗಳು ಬಹಳ ಸಲ ಗಿರಾಕಿಗಳದ್ದಲ್ಲ, ಅಲ್ಲಿಯ ಅಂಗಡಿ ಮಾಲೀಕರದ್ದೇ. ಒಮ್ಮೆ ಗಮನಿಸಿ ನೋಡಿ.

ಶೂಪ್ ಇನ್ನೊಂದು ಮಾತನ್ನೂ ಹೇಳಿದ್ದರು. ಬಂದ ದುಡ್ಡು ಅದೇ ಬೀದಿಗೆ ಖರ್ಚಾಗಬೇಕು. ಕ್ಯಾಲಿಫೋರ್ನಿಯಾದ ಪ್ಯಾಸಡೀನ ಎಂಬ ಊರಿನ ಹಳೇ ಪೇಟೆಯಲ್ಲಿ 1993ರಲ್ಲಿ ಪಾರ್ಕಿಂಗ್ ಮೀಟರ್ ಹಾಕಿದಾಗ ಅಂಗಡಿಯವರು ಮೊದಲು ಕೂಗಾಡಿದರು. ಆ ದುಡ್ಡಿನಲ್ಲೇ ನಿಮ್ಮ ಬೀದಿಯ ಫುಟ್‌ಪಾತು, ದೀಪ ಸರಿ ಮಾಡುತ್ತೇವೆ ಎಂದ ಮೇಲೆ ಒಪ್ಪಿದರು. ಕೊಟ್ಟ ಹಣ ಕಣ್ಣೆದುರು ಕಂಡರೆ ಜನರ ಸಿಟ್ಟು ಕಡಿಮೆಯಾಗುತ್ತದೆ. ನಮ್ಮಲ್ಲಿ ಪೇ ಪಾರ್ಕಿಂಗಿಗೆ ಬರುವ ವಿರೋಧದಲ್ಲಿ ಅರ್ಧ 'ಈ ದುಡ್ಡು ಎಲ್ಲಿ ಹೋಗುತ್ತದೋ' ಎಂಬ ಅನುಮಾನದ್ದೇ ಅಂತ ನನಗನ್ನಿಸುತ್ತದೆ.

ಇನ್ನು ರೋಡ್ ಟ್ಯಾಕ್ಸ್ ಪ್ರಶ್ನೆ. ಕರ್ನಾಟಕದಲ್ಲಿ ಕಾರಿನ ಜೀವಿತಾವಧಿ ತೆರಿಗೆ ದೇಶದಲ್ಲೇ ಜಾಸ್ತಿ ಇರುವ ಕಡೆಗಳಲ್ಲಿ ಒಂದು. 5ರಿಂದ 10 ಲಕ್ಷದ ಕಾರಿಗೆ ಶೇ 14, 10ರಿಂದ 20 ಲಕ್ಷಕ್ಕೆ ಶೇ 17, ಅದರ ಮೇಲೆ ಶೇ 18. ಅದರ ಮೇಲೊಂದು ಸೆಸ್. ಈ ಹಣ ಹೋಗುವುದು ರಾಜ್ಯದ ಖಜಾನೆಗೆ. ರಸ್ತೆಬದಿ ಜಾಗ ಪಾಲಿಕೆಯದ್ದು. ಅಂದರೆ ನೀವು ಕಟ್ಟಿದ್ದು ಗಾಡಿ ಇಟ್ಟುಕೊಂಡು ಓಡಿಸುವುದಕ್ಕೆ, ರಸ್ತೆಯ ಒಂದು ತುಂಡನ್ನು ಹಿಡಿದುಕೊಳ್ಳುವುದಕ್ಕಲ್ಲ. ಬಸ್ ಪಾಸ್ ಇದೆ ಎಂದು ಬಸ್‌ಸ್ಟ್ಯಾಂಡಿನಲ್ಲಿ ಹಾಸಿಗೆ ಹಾಸಲು ಆಗುತ್ತದೆಯೇ?

ದೊಡ್ಡ ಪಾರ್ಕಿಂಗ್ ಕಟ್ಟಡ ಕಟ್ಟಿಬಿಟ್ಟರೆ?

ಕಟ್ಟಿದ್ದಾರೆ. ಫ್ರೀಡಂ ಪಾರ್ಕ್ ಪಕ್ಕ ಸುಮಾರು 80 ಕೋಟಿ ರೂಪಾಯಿ ಖರ್ಚಿನಲ್ಲಿ ಬಹುಮಹಡಿ ಪಾರ್ಕಿಂಗ್ ಎದ್ದಿತು. 550ಕ್ಕೂ ಹೆಚ್ಚು ಕಾರು, 445 ಬೈಕು ಹಿಡಿಸುತ್ತದೆ. ನಾಲ್ಕು ಬೈಕಿನ ಜಾಗ ಒಂದು ಕಾರಿಗೆ ಸಮ ಎಂದು ಲೆಕ್ಕ ಹಾಕಿದರೆ, ಒಂದು ಕಾರು ನಿಲ್ಲಿಸಲು ಆದ ಖರ್ಚು ಸುಮಾರು 12 ಲಕ್ಷ. ನೆಲದ ಬೆಲೆ ಇದರಲ್ಲಿ ಸೇರಿಲ್ಲ. ಇಷ್ಟೊಂದು ಯಾಕೆಂದರೆ, ಕಟ್ಟಡದೊಳಗೆ ಕಾರು ನಿಲ್ಲುವ ಜಾಗದ ಜೊತೆ ಹತ್ತುವ ಇಳಿಜಾರು, ತಿರುಗುವ ದಾರಿ, ಕಂಬ, ಲಿಫ್ಟು ಎಲ್ಲ ಬೇಕು. ಹೊರಗೆ 135 ಚದರಡಿ ಸಾಕಾದ ಕಾರಿಗೆ ಬೇಸ್‌ಮೆಂಟಿನಲ್ಲಿ 300 ಚದರಡಿಗೂ ಹೆಚ್ಚು ಹಿಡಿಯುತ್ತದೆ.

ಕಟ್ಟಡ ಎದ್ದ ಮೇಲೂ ನಡೆಸುವವರು ಸಿಗದೆ ಅದು ಬಹಳ ಕಾಲ ಬೀಗ ಹಾಕಿಕೊಂಡೇ ಇತ್ತು. 2024ರಲ್ಲಿ ತೆರೆಯಿತು. ಗುತ್ತಿಗೆದಾರರು ಹಿಂಜರಿದದ್ದರಲ್ಲಿ ಆಶ್ಚರ್ಯವಿಲ್ಲ. ಹೊರಗೆ ರಸ್ತೆಬದಿಯಲ್ಲಿ ಪುಕ್ಕಟೆ ಸಿಗುವಾಗ ಒಳಗೆ ಗಂಟೆಗೆ ಇಷ್ಟು ಎಂದು ಕೊಟ್ಟು ಯಾರು ಬರುತ್ತಾರೆ? ಕಟ್ಟಡದೊಳಗಿನ ಪಾರ್ಕಿಂಗ್ ನಡೆಯಬೇಕಾದರೆ ಹೊರಗಿನದಕ್ಕೂ ಬೆಲೆ ಇರಬೇಕು, ಮತ್ತು ಹೊರಗಿನದೇ ಸ್ವಲ್ಪ ಜಾಸ್ತಿ ಇರಬೇಕು. ಒಂದನ್ನು ಬಿಟ್ಟು ಇನ್ನೊಂದು ಮಾಡಿದರೆ ಎರಡೂ ಕೆಡುತ್ತವೆ.

ಕಾರಿನ ನಿಜವಾದ ಖರ್ಚು

'ತಿಂಗಳಿಗೆ ಐದು ಸಾವಿರ ಪೆಟ್ರೋಲು' ಎನ್ನುತ್ತೇವೆ. ಖರ್ಚು ಅಷ್ಟೇನಾ? ಒಂದು ಉದಾಹರಣೆಯ ಲೆಕ್ಕ ಹಾಕೋಣ. ಅಂಕಿಗಳನ್ನು ನಾನು ಇಟ್ಟುಕೊಂಡಿದ್ದೇನೆ, ನಿಮ್ಮದನ್ನು ಹಾಕಿಕೊಳ್ಳಿ.

ಆನ್ ರೋಡ್ 10 ಲಕ್ಷದ ಪೆಟ್ರೋಲ್ ಕಾರು. 8 ವರ್ಷ ಓಡಿಸಿ 3 ಲಕ್ಷಕ್ಕೆ ಮಾರುತ್ತೀರಿ. ಕರಗಿದ್ದು 7 ಲಕ್ಷ. 96 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 7,300. ಇದನ್ನೇ ಸವಕಳಿ ಎನ್ನುವುದು. ಕೈಯಿಂದ ಹೋಗುವುದು ಕಾಣುವುದಿಲ್ಲ, ಆದರೆ ಇದೇ ಎಲ್ಲಕ್ಕಿಂತ ದೊಡ್ಡ ಖರ್ಚು. 8 ಲಕ್ಷ ಸಾಲ, ಶೇ 9 ಬಡ್ಡಿ, 5 ವರ್ಷ. ಬಡ್ಡಿಯೇ ಹತ್ತಿರ ಹತ್ತಿರ 2 ಲಕ್ಷ. ಅದನ್ನೂ 96 ತಿಂಗಳಿಗೆ ಹಂಚಿದರೆ 2,050. ಇನ್ಶೂರೆನ್ಸ್ ವರ್ಷಕ್ಕೆ 25,000 ಎಂದರೆ ತಿಂಗಳಿಗೆ 2,100. ಬೆಳಗ್ಗೆ ಕಾರು ಒರೆಸುವ ಹುಡುಗನಿಗೆ, ಅಲ್ಲಿ ಇಲ್ಲಿ ಪಾರ್ಕಿಂಗಿಗೆ, ಟೋಲಿಗೆ ಎಲ್ಲ ಸೇರಿ 1,500. ಇಲ್ಲಿಗೇ 13,000 ಹತ್ತಿರ ಬಂತು. ಕಾರು ಇನ್ನೂ ಗೇಟು ದಾಟಿಲ್ಲ!

ಈಗ ಓಡಿಸಿ. ತಿಂಗಳಿಗೆ 600 ಕಿಲೋಮೀಟರ್. ಸಿಟಿಯಲ್ಲಿ ಲೀಟರಿಗೆ 12 ಕೊಟ್ಟರೆ 50 ಲೀಟರ್, 103 ರೂಪಾಯಿಯಂತೆ 5,150. ಸರ್ವಿಸ್, ಟೈರು, ಬ್ಯಾಟರಿಗೆ 1,500. ಒಟ್ಟು 19,600. ಕಿಲೋಮೀಟರಿಗೆ ಸುಮಾರು 33 ರೂಪಾಯಿ.

2025ರ ಆಗಸ್ಟಿನಿಂದ ಬೆಂಗಳೂರಿನ ಆಟೊ ಮೀಟರ್ ದರ ಮೊದಲ 2 ಕಿಲೋಮೀಟರಿಗೆ 36, ಆಮೇಲೆ ಕಿಲೋಮೀಟರಿಗೆ 18 ರೂಪಾಯಿ. 'ಮೀಟರ್ ಮೇಲೆ ಮೂವತ್ತು ಕೊಡಿ' ಎನ್ನುವುದು ಇದ್ದದ್ದೇ. ಅದನ್ನು ಸೇರಿಸಿದರೂ, ತಿಂಗಳಿಗೆ 600 ಕಿಲೋಮೀಟರ್ ಓಡಿಸುವವರಿಗೆ ಸ್ವಂತ ಕಾರು ಆಟೊಗಿಂತ ಅಗ್ಗ ಎಂದು ಹೇಳುವುದು ಕಷ್ಟ.

ಜಾಸ್ತಿ ಓಡಿಸಿದಷ್ಟೂ ಕಿಲೋಮೀಟರಿನ ಖರ್ಚು ಇಳಿಯುತ್ತದೆ. ಇದೇ ಕಾರನ್ನು ತಿಂಗಳಿಗೆ 1,500 ಕಿಲೋಮೀಟರ್ ಓಡಿಸಿದರೆ 20 ರೂಪಾಯಿಯ ಹತ್ತಿರ ಬರುತ್ತದೆ. ನಾಲ್ಕು ಜನ ಕೂತರೆ ಇನ್ನೂ ಅಗ್ಗ. ಉಲ್ಟಾ ನೋಡಿ: ಮನೆಯಲ್ಲಿ ಎರಡನೇ ಕಾರು ಇದೆ, ತಿಂಗಳಿಗೆ 200 ಕಿಲೋಮೀಟರ್ ಓಡುತ್ತದೆ. ಕಿಲೋಮೀಟರಿಗೆ 75 ರೂಪಾಯಿ ದಾಟುತ್ತದೆ. ಅಷ್ಟು ದುಡ್ಡಿಗೆ ದೊಡ್ಡ ಕ್ಯಾಬ್ ಕರೆಸಿ ರಾಜರ ಹಾಗೆ ಹಿಂದೆ ಕೂತು ಹೋಗಬಹುದು.

ಲೆಕ್ಕಕ್ಕೆ ಸಿಗದ್ದೂ ಇದೆ. ಮಧ್ಯರಾತ್ರಿ ಅಪ್ಪನಿಗೆ ಎದೆನೋವು ಬಂದರೆ ಆ್ಯಪ್ ತೆರೆದು ಕೂರುವ ಧೈರ್ಯ ಯಾರಿಗಿದೆ? ಶುಕ್ರವಾರ ರಾತ್ರಿ ಹಾಸನಕ್ಕೋ ಶಿವಮೊಗ್ಗಕ್ಕೋ ಹೊರಡುವಾಗ ಡಿಕ್ಕಿ ತುಂಬಾ ಸಾಮಾನು, ವಾಪಸ್ ಬರುವಾಗ ತೆಂಗಿನಕಾಯಿ, ಅಕ್ಕಿ ಮೂಟೆ. ಗಂಡು ನೋಡಲು ಬಂದವರು 'ಕಾರಿದೆಯಾ' ಎಂದು ಕೇಳುವುದೂ ಸುಳ್ಳಲ್ಲ. ಜನ ಕಾರು ಕೊಳ್ಳುವುದು ಕಿಲೋಮೀಟರ್ ಲೆಕ್ಕ ಹಾಕಿ ಅಲ್ಲ. ಆದರೆ ಎರಡನೆಯದನ್ನು ಕೊಳ್ಳುವಾಗಲಾದರೂ ಹಾಕಿ ನೋಡುವುದು ಒಳ್ಳೆಯದು.

ಎಲೆಕ್ಟ್ರಿಕ್ ಕಾರು ತಂದರೆ? ಹೊಗೆ ಇಲ್ಲ, ಪೆಟ್ರೋಲ್ ಖರ್ಚೂ ಇಲ್ಲ. ನಿಲ್ಲಲು ಮಾತ್ರ ಅದಕ್ಕೂ ಅದೇ 135 ಚದರಡಿ ಬೇಕು. ಮೇಲೆ ಚಾರ್ಜಿಂಗ್ ಪಾಯಿಂಟು. ಬೀದಿಯಲ್ಲಿ ನಿಲ್ಲಿಸುವವರಿಗೆ ಮೂರನೇ ಮಹಡಿಯಿಂದ ವೈರ್ ಎಳೆಯುವ ಫಜೀತಿ ಬೇರೆ.

ಬೇರೆ ದೊಡ್ಡ ಊರುಗಳು ಏನು ಮಾಡಿದವು?

ಜಪಾನಿನಲ್ಲಿ 1962ರಿಂದ ಒಂದು ಕಾನೂನಿದೆ. ಕಾರು ನಿಮ್ಮ ಹೆಸರಿಗೆ ಆಗಬೇಕಾದರೆ, ಅದನ್ನು ನಿಲ್ಲಿಸಲು ಮನೆಯಿಂದ 2 ಕಿಲೋಮೀಟರ್ ಒಳಗೆ ಜಾಗವಿದೆ ಎಂದು ಪೊಲೀಸರಿಂದ ಪ್ರಮಾಣಪತ್ರ ತರಬೇಕು. ಸ್ವಂತದ್ದೋ ಬಾಡಿಗೆಯದ್ದೋ ಅಡ್ಡಿಯಿಲ್ಲ. ರಸ್ತೆಯನ್ನೇ ಗ್ಯಾರೇಜು ಮಾಡಿಕೊಂಡು ರಾತ್ರಿಯಿಡೀ ನಿಲ್ಲಿಸುವ ಹಾಗಿಲ್ಲ. ಟೋಕಿಯೊದ ಸಣ್ಣ ಓಣಿಗಳಲ್ಲಿ ಕಾರು ಸಾಲುಗಟ್ಟಿ ನಿಂತಿರುವುದು ಕಾಣದಿರಲು ಇದೇ ಮುಖ್ಯ ಕಾರಣ. ಇಂಥದ್ದೇ ನಿಯಮ ತರಬೇಕು ಎಂಬ ಮಾತು ಕರ್ನಾಟಕದಲ್ಲೂ ಹಲವು ಸಲ ಬಂದು ಹೋಗಿದೆ. 2025ರಲ್ಲಿ ಮಹಾರಾಷ್ಟ್ರದ ಸಾರಿಗೆ ಸಚಿವರೂ ಹೇಳಿದರು. ಇಲ್ಲಿ ತೊಡಕು ಏನೆಂದರೆ ಪ್ರಮಾಣಪತ್ರ ಕೊಡುವವರು ಯಾರು, ಶಟರ್ ಬಿದ್ದ ಪಾರ್ಕಿಂಗನ್ನು 'ಇದೆ' ಎಂದು ಬರೆದುಕೊಟ್ಟರೆ ಹಿಡಿಯುವವರು ಯಾರು ಎನ್ನುವುದು.

ಸಿಂಗಪುರದ್ದು ಇನ್ನೂ ಕಟು ದಾರಿ. 1990ರಿಂದ ಅಲ್ಲಿ ಕಾರು ಕೊಳ್ಳುವ ಮೊದಲು 'ಕಾರು ಇಟ್ಟುಕೊಳ್ಳುವ ಹಕ್ಕು' ಕೊಳ್ಳಬೇಕು. ಸರ್ಕಾರ ಇಂತಿಷ್ಟೇ ಹಕ್ಕುಪತ್ರ ಎಂದು ತಿಂಗಳಿಗೆ ಎರಡು ಸಲ ಹರಾಜು ಹಾಕುತ್ತದೆ. ಹತ್ತು ವರ್ಷಕ್ಕೆ ಅದರ ಅವಧಿ ಮುಗಿಯುತ್ತದೆ. 2023ರ ಅಕ್ಟೋಬರಿನಲ್ಲಿ ದೊಡ್ಡ ಕಾರಿನ ಹಕ್ಕುಪತ್ರ ಒಂದೂವರೆ ಲಕ್ಷ ಸಿಂಗಪುರ ಡಾಲರ್ ಮುಟ್ಟಿತು. ನಮ್ಮ ದುಡ್ಡಿನಲ್ಲಿ ಸುಮಾರು 90 ಲಕ್ಷ. ಕಾರಿನ ಬೆಲೆ ಬೇರೆ.

ಲಂಡನ್ 2003ರ ಫೆಬ್ರವರಿಯಲ್ಲಿ ಊರ ನಡುವಿನ ಭಾಗಕ್ಕೆ ಕಾರು ತಂದರೆ ದಿನಕ್ಕೆ 5 ಪೌಂಡ್ ಎಂದು ಶುರು ಮಾಡಿತು. ಈಗ ಅದರ ಮೂರು ಪಟ್ಟಿಗೂ ಮೇಲೆ ಹೋಗಿದೆ. ಆ ಹಣ ಸಾರಿಗೆಗೇ ಹೋಗಬೇಕು ಎಂದು ಕಾನೂನಿನಲ್ಲೇ ಬರೆದಿದ್ದಾರೆ.

ಮೂರೂ ಊರುಗಳಿಗೆ ಒಂದು ಅನುಕೂಲ ಮೊದಲೇ ಇತ್ತು. ಕಾರು ಬಿಟ್ಟವರಿಗೆ ಹತ್ತಲು ರೈಲು, ಬಸ್ಸು ಇದ್ದವು. ಹಾಗಾದರೆ ನಮ್ಮಲ್ಲಿ?

ಕಾರು ಬಿಟ್ಟರೆ ಏನಿದೆ?

ನಮ್ಮ ಮೆಟ್ರೊ 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಶುರುವಾದಾಗ ಅದೊಂದು ಜಾತ್ರೆಯಂತಿತ್ತು, ಜನ ಸುಮ್ನೆ ಹೋಗಿ ಬರುತ್ತಿದ್ದರು. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗ ಸೇರಿ 96 ಕಿಲೋಮೀಟರ್ ಆಯಿತು. ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟ, ಮಾದಾವರದಿಂದ ರೇಷ್ಮೆ ಸಂಸ್ಥೆ, ಈಗ ಎಲೆಕ್ಟ್ರಾನಿಕ್ಸ್ ಸಿಟಿ. 2025ರ ಫೆಬ್ರವರಿಯ ಏರಿಕೆಯಲ್ಲಿ ಟಿಕೆಟ್ 10 ರೂಪಾಯಿಯಿಂದ 90ರವರೆಗೆ ಹೋಯಿತು. ಜನ ಗೊಣಗಿದರು.

ಸಾರ್ವಜನಿಕ ಸಾರಿಗೆಯಲ್ಲಿ ಕಿಲೋಮೀಟರಿಗಿಂತ ಮುಖ್ಯವಾದ ಒಂದು ವಿಷಯವಿದೆ: ಎಷ್ಟು ಹೊತ್ತಿಗೊಂದು ಬರುತ್ತದೆ. ಹಳದಿ ಮಾರ್ಗ ಮೂರೇ ರೈಲಿನಿಂದ ಶುರುವಾಯಿತು, 25 ನಿಮಿಷಕ್ಕೊಂದು. ಐದು ನಿಮಿಷಕ್ಕೊಂದು ರೈಲು ಇದ್ದರೆ ಟೈಮು ನೋಡದೆ ಹೊರಡಬಹುದು. 25 ನಿಮಿಷ ಎಂದರೆ ಒಂದು ತಪ್ಪಿದರೆ ಆಫೀಸಿಗೆ ಲೇಟು. ಹಳಿ ಅದೇ, ನಿಲ್ದಾಣ ಅದೇ. ಆದರೆ ಕಾರಿನ ಕೀಲಿ ಕೈಯಲ್ಲಿ ಹಿಡಿದು ನಿಂತವನಿಗೆ ಎರಡೂ ಬೇರೆ ಬೇರೆ ಸೌಲಭ್ಯ.

ಇನ್ನೊಂದು 'ಕೊನೆಯ ಮೈಲಿ' ಎನ್ನುತ್ತಾರಲ್ಲ, ಅದು. ನಿಲ್ದಾಣದಿಂದ ಮನೆ ಒಂದೂವರೆ ಕಿಲೋಮೀಟರ್. ನಡೆಯೋಣ ಎಂದರೆ ಫುಟ್‌ಪಾತಿನ ಮೇಲೆ ಟ್ರಾನ್ಸ್‌ಫಾರ್ಮರ್, ಎತ್ತಿಟ್ಟ ಚಪ್ಪಡಿ, ಮತ್ತೆ ಅದೇ ನಿಂತ ಕಾರು. ಆಟೊದವರಿಗೆ ಅಷ್ಟು ಹತ್ತಿರದ ಬಾಡಿಗೆ ಬೇಡ. ಮೆಟ್ರೊದಲ್ಲಿ ಇಪ್ಪತ್ತು ಕಿಲೋಮೀಟರ್ ಆರಾಮಾಗಿ ಬಂದವರು ಕೊನೆಯ ಒಂದೂವರೆ ಕಿಲೋಮೀಟರಿಗೆ ಸೋತು ಮರುದಿನ ಕಾರು ತೆಗೆಯುತ್ತಾರೆ. ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆಗಳನ್ನು ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಮಾಡಿದಾಗ ಅಗಲದ ಫುಟ್‌ಪಾತು ಕೊಟ್ಟು, ಕಾರಿಗೆ ಪ್ರತ್ಯೇಕ ಜಾಗ ಗುರುತು ಮಾಡಿದರು. ಅಲ್ಲಿ ನಡೆಯುವುದೂ ಸುಲಭ. ಅಂಥ ರಸ್ತೆಗಳು ಊರಿನಲ್ಲಿ ಕೆಲವೇ.

ಬಿಎಂಟಿಸಿಗೆ ಆರು ಸಾವಿರಕ್ಕೂ ಹೆಚ್ಚು ಬಸ್ಸುಗಳಿವೆ. ಸಾಮಾನ್ಯ ಬಸ್ಸಿನ ತಿಂಗಳ ಪಾಸು 2025ರ ಜನವರಿಯ ಏರಿಕೆಯ ನಂತರ 1,200 ರೂಪಾಯಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸು ಉಚಿತ. ಒಂದು ಬಸ್ಸಿನ ಉದ್ದ 12 ಮೀಟರ್, ಅದರಲ್ಲಿ ಅರವತ್ತು ಜನ. ಅದೇ ಅರವತ್ತು ಜನ ಕಾರಿಗೊಬ್ಬರಂತೆ ಬಂದರೆ, ಬಂಪರಿಗೆ ಬಂಪರ್ ನಿಂತರೂ 300 ಮೀಟರ್ ಸಾಲು. ಸಿಲ್ಕ್ ಬೋರ್ಡಿನಲ್ಲಿ ಬಸ್ಸಿನ ಕಿಟಕಿಯಿಂದ ಕೆಳಗೆ ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಕೆಳಗಿನ ಒಂದೊಂದು ಕಾರಿನಲ್ಲೂ ಒಬ್ಬೊಬ್ಬರು, ಪಕ್ಕದ ಸೀಟಿನಲ್ಲಿ ಲ್ಯಾಪ್‌ಟಾಪ್ ಬ್ಯಾಗು.

ಉಪನಗರ ರೈಲಿನ ನಾಲ್ಕು ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಚೆಂದದ ಹೆಸರಿಟ್ಟಿದ್ದಾರೆ. 2022ರಲ್ಲಿ ಶಂಕುಸ್ಥಾಪನೆ ಆಯಿತು. ಹೂವು ಇನ್ನೂ ಅರಳಬೇಕು.

ವಾರಾಂತ್ಯಕ್ಕೆ ಮಾತ್ರ ಕಾರು ಬೇಕಾದವರಿಗೆ ಬಾಡಿಗೆ ಕಾರು ಇದೆ, ನಾವೇ ಓಡಿಸುವಂಥದ್ದು. ಅದನ್ನು ಗುರುತಿಸಲು ನಂಬರ್ ಪ್ಲೇಟ್ ನೋಡಿ. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರಬೇಕು. ಪರಿಚಯದವರ ವೈಟ್ ಬೋರ್ಡ್ ಕಾರನ್ನು ಬಾಡಿಗೆಗೆ ತಂದರೆ ಅದು ನಿಯಮಕ್ಕೆ ವಿರುದ್ಧ. ಅಪಘಾತವಾದಾಗ ಇನ್ಶೂರೆನ್ಸ್ ತಕರಾರು ಗ್ಯಾರಂಟಿ.

ಮನೆ ಮುಂದೆ ನಿಲ್ಲಿಸಲು ಪರ್ಮಿಟ್ ಅಂದರೆ?

ಈ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. ನಗರ ಭೂ ಸಾರಿಗೆ ನಿರ್ದೇಶನಾಲಯ ತಯಾರಿಸಿದ ಪಾರ್ಕಿಂಗ್ ನೀತಿಗೆ 2021ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಅದರಲ್ಲಿ ಎರಡು ಭಾಗ. ಅಂಗಡಿ ಬೀದಿಗಳಲ್ಲಿ ಗಂಟೆ ಲೆಕ್ಕದ ಶುಲ್ಕ. ಮನೆಗಳಿರುವ ಬೀದಿಗಳಲ್ಲಿ, ರಸ್ತೆಬದಿ ಕಾರು ನಿಲ್ಲಿಸುವವರಿಗೆ ವರ್ಷದ ಪರ್ಮಿಟ್. ಆಗ ಹೇಳಿದ್ದ ದರ ಸಣ್ಣ ಕಾರಿಗೆ ವರ್ಷಕ್ಕೆ 1,000, ಮಧ್ಯಮದ್ದಕ್ಕೆ 3,000ದಿಂದ 4,000, ದೊಡ್ಡದಕ್ಕೆ 5,000 ರೂಪಾಯಿ. ಕಾಗದದ ಮೇಲೆ ಬಂತು, ಬೀದಿಗೆ ಇಳಿಯಲಿಲ್ಲ.

ದರವನ್ನು ದಿನಕ್ಕೆ ಒಡೆದು ನೋಡಿ. ಸಾವಿರ ರೂಪಾಯಿ ಎಂದರೆ ದಿನಕ್ಕೆ ಮೂರು ರೂಪಾಯಿಗಿಂತ ಕಡಿಮೆ. ಐದು ಸಾವಿರ ಎಂದರೆ ದಿನಕ್ಕೆ ಹದಿನಾಲ್ಕು, ಒಂದು ಬೈಟು ಕಾಫಿಯ ದುಡ್ಡು. ನಮ್ಮ ಹಿಂದಿನ ರಸ್ತೆಯಲ್ಲಿ ಖಾಲಿ ಸೈಟಿಗೆ ತಂತಿ ಕಟ್ಟಿರುವವರು ಒಂದು ಕಾರಿಗೆ ತಿಂಗಳಿಗೇ ಎರಡು ಸಾವಿರ ಕೇಳುತ್ತಾರೆ, ಜಾಗ ಭರ್ತಿಯಾಗಿದೆ.

ಪರ್ಮಿಟ್ ನಿಜಕ್ಕೂ ಬಂದರೆ ಹೊಸ ಪ್ರಶ್ನೆಗಳು ಏಳುತ್ತವೆ. ಬೀದಿಯಲ್ಲಿ ಹಿಡಿಸುವುದು ಹದಿನೆಂಟು ಕಾರು, ಅರ್ಜಿ ಇಪ್ಪತ್ತಾರು ಬಂದರೆ? ಬಾಡಿಗೆಯವರಿಗೂ ಮಾಲೀಕರಿಗೂ ಒಂದೇ ಹಕ್ಕೇ? ಊರಿಂದ ಬಂದ ಬೀಗರ ಕಾರು ಎರಡು ದಿನ ಎಲ್ಲಿ ನಿಲ್ಲಬೇಕು? ಪರ್ಮಿಟ್ ಕೊಂಡವರು ಸಂಜೆ ಬಂದಾಗ ಅವರ ಜಾಗದಲ್ಲಿ ಬೇರೆಯವರಿದ್ದರೆ ಯಾರಿಗೆ ಫೋನು ಮಾಡಬೇಕು? ಬೇರೆ ಊರುಗಳಲ್ಲಿ ಇದಕ್ಕೆಲ್ಲ ಉತ್ತರಗಳಿವೆ. ಅತಿಥಿಗಳಿಗೆ ಒಂದು ದಿನದ ಚೀಟಿ, ಎರಡನೇ ಕಾರಿಗೆ ಹೆಚ್ಚು ದರ, ಗಸ್ತು ತಿರುಗುವ ಸಿಬ್ಬಂದಿ. ಯಾವುದೂ ಪುಕ್ಕಟೆ ಅಲ್ಲ, ಆ ಸಿಬ್ಬಂದಿಯ ಸಂಬಳವೂ ಇದೇ ಪರ್ಮಿಟಿನ ದುಡ್ಡಿನಿಂದಲೇ ಬರಬೇಕು.

ನಮ್ಮ ಬೀದಿಯ ಇಬ್ಬರು ಹೊಸ ಕಾರಿನವರು ಸದ್ಯಕ್ಕೆ ತಮ್ಮದೇ ಒಂದು ಪರ್ಮಿಟ್ ಮಾಡಿಕೊಂಡಿದ್ದಾರೆ. ಡ್ಯಾಶ್‌ಬೋರ್ಡ್ ಮೇಲೆ ರಟ್ಟಿನಲ್ಲಿ ಫೋನ್ ನಂಬರ್ ಬರೆದು ಇಡುತ್ತಾರೆ. ಬೆಳಗ್ಗೆ ಆರೂವರೆಗೆ ಸ್ಕೂಲ್ ವ್ಯಾನು ಬಂದು ಹಾರ್ನ್ ಹೊಡೆದರೆ, ಎದುರುಮನೆಯವರು ಆ ನಂಬರಿಗೆ ಫೋನು ಮಾಡುತ್ತಾರೆ. ಲುಂಗಿಯಲ್ಲೇ ಓಡಿ ಬಂದು ಕಾರು ತೆಗೆದು, ವ್ಯಾನು ಹೋದ ಮೇಲೆ ಮತ್ತೆ ಅಲ್ಲೇ ತಂದು ನಿಲ್ಲಿಸುತ್ತಾರೆ. ಗಾಳಿ ತೆಗೆಯುವ ಬೋರ್ಡು ಇನ್ನೂ ಗೇಟಿನಲ್ಲೇ ಇದೆ.